ಪ್ರತಿಕ್ರಿಯೆ: ವೆಂಟಿಲೇಟರ್‌ನಲ್ಲಿರುವವರ ಅರೆತೆರೆದ ಕಣ್ಣು

ಹತ್ತು ದಿನಗಳಿಂದ ವೆಂಟಿಲೇಟರ್‌ನಲ್ಲಿರುವ ನಿಮ್ಮ ತಂದೆಯವರ ಬಲಗಣ್ಣು ಅರೆತೆರೆದೇ ಇದ್ದು, ಕೆಂಪಾಗಿ ಹಳದಿ ಪಿಸುರು ಕಟ್ಟುತ್ತಿದೆ, ನರ್ಸ್ ಪ್ಲಾಸ್ಟರ್ ಅಂಟಿಸಿದ್ದಾರೆ, ಇಷ್ಟು ಸಾಕೇ ಎಂದು ಕೇಳಿದ್ದೀರಿ. ಸಾಲದು, ಇವತ್ತೇ ನೇತ್ರತಜ್ಞರನ್ನು ಕರೆಸುವಂತೆ ಐಸಿಯು ವೈದ್ಯರನ್ನು ಕೇಳಿಕೊಳ್ಳಿ.

ಮಂಪರಿನ ಮತ್ತು ಸ್ನಾಯು ಸಡಿಲಿಸುವ ಔಷಧಿಗಳಿಂದ ರೆಪ್ಪೆ ಪೂರ್ತಿ ಮುಚ್ಚದೆ, ಮಿಟುಕುವುದೂ ನಿಂತು ಕಾರ್ನಿಯಾ (ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರ) ಒಣಗಿ ಸವೆಯುತ್ತದೆ. ಅದರ ಮೇಲೆ, ಉಸಿರುನಳಿಕೆಯ ಕಫವನ್ನು ಸಕ್ಷನ್ ಮಾಡುವಾಗ (ಕೊಳವೆಯಿಂದ ಹೀರಿ ತೆಗೆಯುವಾಗ) ಸಿಡಿಯುವ ಹನಿಗಳ ಮೂಲಕ ಸ್ಯೂಡೋಮೋನಾಸ್‌ನಂತಹ ಬ್ಯಾಕ್ಟೀರಿಯಾ ಸೇರಿಕೊಂಡರೆ, ಕೆಲವೇ ದಿನಗಳಲ್ಲಿ ಕಾರ್ನಿಯಾ ಕರಗಿ ತೂತಾಗಬಹುದು. ಉರಿಯುತ್ತಿದೆ ಎಂದು ಅವರು ಹೇಳಲಾರರು, ಹಾಗಾಗಿ ನೀವು ಗಮನಿಸಿದ್ದು ದೊಡ್ಡ ಉಪಕಾರವೇ. ಟಾರ್ಚ್ ಬೆಳಕಿನಲ್ಲಿ ಕರಿಗುಡ್ಡೆಯ ಮೇಲೆ ಅಕ್ಕಿನುಚ್ಚಿನಷ್ಟು ಬಿಳಿ ಚುಕ್ಕೆಯೋ ಮಬ್ಬೋ ಕಂಡರೆ ಅದು ತುರ್ತು. ಆಗ ತಜ್ಞರು ಅಲ್ಲಿಂದ ಕೆರೆದ ಮಾದರಿಯನ್ನು ರೋಗಾಣು ಬೆಳೆಸಿ ಗುರುತಿಸುವ ಪರೀಕ್ಷೆಗೆ, ಅಂದರೆ ಕಲ್ಚರ್‌ಗೆ ಕಳಿಸಿ, ವರದಿಗೆ ಕಾಯದೆ ಆಂಟಿಬಯೋಟಿಕ್ ಹನಿಗಳನ್ನು ಸಾಮಾನ್ಯವಾಗಿ ಗಂಟೆಗೊಮ್ಮೆ, ರಾತ್ರಿಯೂ ಬಿಡದೆ ಹಾಕಿಸುತ್ತಾರೆ.

ಸೋಂಕಿರುವ ಕಣ್ಣನ್ನು ಬಿಗಿಯಾಗಿ ಮುಚ್ಚುವುದು ಸರಿಯಲ್ಲ. ರೆಪ್ಪೆ ಕೂಡದೆ ಅಂಟಿಸಿದ ಪ್ಲಾಸ್ಟರ್ ಕಾರ್ನಿಯಾವನ್ನೇ ಉಜ್ಜುತ್ತದೆ. ಎಡಗಣ್ಣಿಗೆ ತೇವ ಕಾಪಾಡುವ ಮುಲಾಮನ್ನು ಕೆಲವು ಗಂಟೆಗಳಿಗೊಮ್ಮೆ, ಬೇರೆ ಟ್ಯೂಬಿನಿಂದ ಹಚ್ಚುತ್ತಿದ್ದಾರೆಯೇ ವಿಚಾರಿಸಿ. ಮನೆಯಿಂದ ಹರಳೆಣ್ಣೆ, ಜೇನುತುಪ್ಪ ತಂದು ಹಾಕಬೇಡಿ.