ಪ್ರತಿ ದಿನ ಬೆಳಿಗ್ಗೆ ಕಂಪ್ಯೂಟರ್ 2009ಕ್ಕೆ ಹೋಗುತ್ತದೆ. ಫಾರ್ಮ್ಯಾಟ್ ಮಾಡಿಸಬೇಕಾ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ತಪ್ಪು ತಿಳಿಯಬೇಡಿ. ಹಳೇ ಡೆಸ್ಕ್‌ಟಾಪ್, ದಿನಾ ಟೈಮ್ ಸರಿ ಮಾಡಿದರೂ ಬೆಳಿಗ್ಗೆ ಮತ್ತೆ 2009, ಬ್ರೌಸರ್‌ನಲ್ಲಿ ಒಂದು ಸೈಟೂ ತೆರೆಯುವುದಿಲ್ಲ ಅಂದಿರಿ. ನನ್ನ ಜೆರಾಕ್ಸ್-ಡಿಟಿಪಿ ಅಂಗಡಿಯ ಸಿಸ್ಟಂಗೂ ಇದೇ ಕಾಯಿಲೆ ಬಂದಿತ್ತು. ಒಬ್ಬ ಗಿರಾಕಿಗೆ 2009ರ ತಾರೀಕಿನ ಬಿಲ್ ಕೊಟ್ಟು ಬೈಸಿಕೊಂಡೆ. ರಿಪೇರಿಯವನು ಬಂದ, ವೈರಸ್ ಅಂದ, ಫಾರ್ಮ್ಯಾಟ್ ಮಾಡಿ ದುಡ್ಡು ತೆಗೆದುಕೊಂಡು ಹೋದ. ಮಾರನೇ ದಿನ ಶಟರ್ ಎತ್ತಿ ಸಿಸ್ಟಂ ಆನ್ ಮಾಡಿದರೆ ಮತ್ತೆ 2009, ಜನವರಿ 1!

ಫಾರ್ಮ್ಯಾಟ್ ಬೇಡ. ನೆಗಡಿ ಆಯ್ತು ಅಂತ ಮೂಗು ಕೊಯ್ದುಕೊಂಡ ಹಾಗಾಗುತ್ತದೆ.

ಸಿಸ್ಟಂ ಆಫ್ ಇರುವಾಗ ಟೈಮ್ ಲೆಕ್ಕ ಇಡುವುದು ವಿಂಡೋಸ್ ಅಲ್ಲ. ಅದಕ್ಕೆ ಮದರ್‌ಬೋರ್ಡ್ (ಒಳಗಿನ ಮುಖ್ಯ ಸರ್ಕ್ಯೂಟ್ ಹಲಗೆ) ಮೇಲೆ ಬೇರೆಯದೇ ಗಡಿಯಾರ ಇದೆ. ಕೈಗಡಿಯಾರದಲ್ಲಿರುವಂಥದ್ದೇ ಕ್ವಾರ್ಟ್ಜ್ ಹರಳು, ಸೆಕೆಂಡಿಗೆ 32,768 ಸಲ ಮಿಡಿಯುತ್ತದೆ. ಕರೆಂಟ್ ಇಲ್ಲದಾಗ ಅದನ್ನು ನಡೆಸುವುದು ಒಂದು ರೂಪಾಯಿ ನಾಣ್ಯದಷ್ಟು ದೊಡ್ಡ, 3 ವೋಲ್ಟಿನ ಸೆಲ್ಲು. ಅದು ಸತ್ತರೆ ಗಡಿಯಾರ ನಿಂತು, ಬೋರ್ಡ್ ಮಾಡಿದವರು ಬರೆದಿಟ್ಟ ತಾರೀಕಿನಿಂದ ಮತ್ತೆ ಶುರುವಾಗುತ್ತದೆ. ನಿಮ್ಮದರಲ್ಲಿ ಅದು 2009, ಇನ್ನೊಂದರಲ್ಲಿ 2002 ಇರಬಹುದು.

ಒಂದು ವಿಷಯ ಕೇಳಲೇಬೇಕು. ರಾತ್ರಿ ಗೋಡೆಯ ಸ್ವಿಚ್ ಆರಿಸಿ ಮಲಗುತ್ತೀರಿ ಅಲ್ವಾ? ಸ್ವಿಚ್ ಆನ್ ಇದ್ದರೆ, ಶಟ್‌ಡೌನ್ ಆದ ಮೇಲೂ ಎಸ್‌ಎಂಪಿಎಸ್‌ನಿಂದ (ಕ್ಯಾಬಿನೆಟ್ ಒಳಗಿನ ಪವರ್ ಸಪ್ಲೈ ಡಬ್ಬಿ) ಬೋರ್ಡಿಗೆ 5 ವೋಲ್ಟ್ ಬರುತ್ತಲೇ ಇರುತ್ತದೆ. ಗಡಿಯಾರ ಅದರಲ್ಲೇ ನಡೆಯುತ್ತದೆ, ಸೆಲ್ಲಿಗೆ ಕೆಲಸವೇ ಇಲ್ಲ. ಸ್ವಿಚ್ ಆರಿಸಿದರೆ ರಾತ್ರಿಯೆಲ್ಲ ಸೆಲ್ಲೇ ದುಡಿಯಬೇಕು. ಹಾಗಾಗಿ ಇವತ್ತು ಒಂದು ರಾತ್ರಿ ಶಟ್‌ಡೌನ್ ಮಾಡಿ, ಗೋಡೆಯ ಸ್ವಿಚ್ ಮಾತ್ರ ಆನ್ ಬಿಡಿ. ಬೆಳಿಗ್ಗೆ ತಾರೀಕು ಸರಿ ಇದ್ದರೆ ಕಳ್ಳ ಸಿಕ್ಕ ಹಾಗೆಯೇ, ಸೆಲ್ಲೇ ಸತ್ತಿದೆ. ರಾತ್ರಿ ಕರೆಂಟ್ ಹೋಗಿ ಬಂದರೆ ಮಾತ್ರ ಈ ಪರೀಕ್ಷೆ ಲೆಕ್ಕಕ್ಕಿಲ್ಲ. ಇದೇ ದಾರಿ ಅಂತ ದಿನಾ ಆನ್ ಬಿಡಬೇಡಿ. ಗುಡುಗು ಸಿಡಿಲಿನ ದಿನ ಸೆಲ್ಲಿನ ದುಡ್ಡು ಉಳಿಸಲು ಹೋಗಿ ಇಡೀ ಬೋರ್ಡ್ ಕಳೆದುಕೊಳ್ಳುತ್ತೀರಿ.

ಸೆಲ್ಲಿನ ನಂಬರ್ ಸಿಆರ್2032. ಅಂಗಡಿಯಲ್ಲಿ ನಂಬರ್ ಓದಿಯೇ ತೆಗೆದುಕೊಳ್ಳಿ. 20 ಅಂದರೆ ಅಗಲ 20 ಮಿಲಿಮೀಟರ್, 32 ಅಂದರೆ ದಪ್ಪ 3.2 ಮಿಲಿಮೀಟರ್. ನನಗೆ ಮೊದಲು 2025 ಕೊಟ್ಟು ಕಳಿಸಿದ್ದರು. ನೋಡಲು ಒಂದೇ ಥರ, ಆದರೆ ದಪ್ಪ ಎರಡೂವರೆ ಮಿಲಿಮೀಟರ್ ಅಷ್ಟೇ. ಹಾಕಿದರೆ ಲೊಡಲೊಡ ಅನ್ನುತ್ತಿತ್ತು.

ಹಾಕುವುದು ಸುಲಭ. ಪ್ಲಗ್ ಕಿತ್ತಿಡಿ. ಕ್ಯಾಬಿನೆಟ್‌ನ ಪಕ್ಕದ ಮುಚ್ಚಳ ತೆಗೆಯಿರಿ (ನನ್ನದರಲ್ಲಿ ಹಲ್ಲಿ ಮೊಟ್ಟೆ ಇತ್ತು, ನಿಮ್ಮ ಅದೃಷ್ಟ ಹೇಗೋ). ಒಳಗಿನ ಲೋಹ ಒಮ್ಮೆ ಮುಟ್ಟಿ, ಮೈಯಲ್ಲಿರುವ ಸ್ಟ್ಯಾಟಿಕ್ ಇಳಿಯಲಿ. ಸೆಲ್ಲಿನ ಅಂಚಿಗೆ ಒಂದು ಪುಟ್ಟ ಲೋಹದ ನಾಲಿಗೆ ಇರುತ್ತದೆ. ಉಗುರಿನಿಂದ ಅದನ್ನು ಆಚೆ ತಳ್ಳಿದರೆ ಸೆಲ್ಲು ಟಪ್ ಅಂತ ಮೇಲೇಳುತ್ತದೆ. ಹೊಸದನ್ನು ಪ್ಲಸ್ ಗುರುತು ಮೇಲೆ ಬರುವ ಹಾಗೆ ಒತ್ತಿ. ಹಳೆಯದು ಚಿಕ್ಕ ಮಕ್ಕಳ ಕೈಗೆ ಸಿಗಬಾರದು. ನುಂಗಿದರೆ ಅನ್ನನಾಳವನ್ನೇ ಸುಡುತ್ತದೆ.

ಇದಕ್ಕೂ ಮೊದಲು ಬಯಾಸ್‌ಗೆ (ವಿಂಡೋಸ್‌ಗಿಂತ ಮೊದಲು ಏಳುವ, ಬೋರ್ಡಿನದೇ ಸೆಟ್ಟಿಂಗ್ ಪರದೆ) ಹೋಗಿ ಎಲ್ಲ ಪುಟಗಳ ಫೋಟೋ ಮೊಬೈಲ್‌ನಲ್ಲಿ ತೆಗೆದಿಟ್ಟುಕೊಳ್ಳಿ. ಸೆಲ್ಲು ತೆಗೆದಾಗ ಅಲ್ಲಿನ ಸೆಟ್ಟಿಂಗ್ ಎಲ್ಲ ಅಳಿಸಿಹೋಗಬಹುದು. ಅದರಲ್ಲೂ ಸಾಟಾ ಮೋಡ್ (ಬೋರ್ಡು ಹಾರ್ಡ್ ಡಿಸ್ಕ್ ಜೊತೆ ಮಾತಾಡುವ ರೀತಿ) ಎಎಚ್‌ಸಿಐನಿಂದ ಐಡಿಇಗೆ ಬದಲಾದರೆ ವಿಂಡೋಸ್ ಏಳುವುದೇ ಇಲ್ಲ. ಆಮೇಲೆ ತಾರೀಕನ್ನು ಬಯಾಸ್‌ನಲ್ಲೇ ಹಾಕಿ. ಇಂಟರ್ನೆಟ್‌ನಿಂದ ತಾನೇ ಸರಿಹೋಗುತ್ತದೆ ಅಂತ ಕಾಯಬೇಡಿ. ಮನೆ ಕಂಪ್ಯೂಟರ್‌ನಲ್ಲಿ ವ್ಯತ್ಯಾಸ 15 ಗಂಟೆ ದಾಟಿದರೆ ವಿಂಡೋಸ್ ಸಾಮಾನ್ಯವಾಗಿ ತಾನಾಗಿ ತಿದ್ದುವುದಿಲ್ಲ. ತಾರೀಕು ಸರಿಯಾದರೆ ಬ್ರೌಸರ್ ತಕರಾರೂ ನಿಲ್ಲುತ್ತದೆ. ಪ್ರತಿ ಸೈಟಿನ ಸರ್ಟಿಫಿಕೇಟಿಗೂ (ಸೈಟು ಅಸಲಿ ಅಂತ ಬ್ರೌಸರ್‌ಗೆ ತೋರಿಸುವ ಗುರುತಿನ ಚೀಟಿ) ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಗಡುವು ಇರುತ್ತದೆ, 2009ರಲ್ಲಿ ಕೂತು ನೋಡಿದರೆ ಅವು ಇನ್ನೂ ಹುಟ್ಟೇ ಇಲ್ಲ!

ನಿಮ್ಮ ಪ್ರಶ್ನೆಯ ಕೆಳಗೆ ಇನ್ನೊಬ್ಬರು ತಮ್ಮ ಕಂಪ್ಯೂಟರ್ ಟೈಮ್ ಸರಿಯಾಗಿ ಐದೂವರೆ ಗಂಟೆ ತಪ್ಪುತ್ತದೆ ಅಂದಿದ್ದಾರೆ. ಅವರ ಕಥೆ ಬೇರೆ, ಸೆಲ್ಲು ಮುಟ್ಟಬೇಡಿ. ವಿಂಡೋಸ್ ಪಕ್ಕದಲ್ಲೇ ಉಬುಂಟು (ಲಿನಕ್ಸ್ ಜಾತಿಯ ಇನ್ನೊಂದು ಆಪರೇಟಿಂಗ್ ಸಿಸ್ಟಂ) ಹಾಕಿಕೊಂಡಿರಬೇಕು. ಲಿನಕ್ಸ್ ಬೋರ್ಡಿನ ಗಡಿಯಾರದಲ್ಲಿ ಗ್ರೀನಿಚ್ ಲೆಕ್ಕ ಇಡುತ್ತದೆ, ವಿಂಡೋಸ್ ನಮ್ಮ ಊರಿನ ಟೈಮ್ ಇಡುತ್ತದೆ. ಇಬ್ಬರೂ ಒಂದೇ ಗಡಿಯಾರ ಎಳೆದಾಡುತ್ತಾರೆ. ಉಬುಂಟುವಿಗೂ ಸ್ಥಳೀಯ ಸಮಯವನ್ನೇ ಇಡಲು ಹೇಳಿದರೆ ಜಗಳ ಮುಗಿಯಿತು.

ಹೊಸ ಸೆಲ್ಲು ಹಾಕಿ ಎರಡೇ ವಾರಕ್ಕೆ ಮತ್ತೆ 2009 ಬಂದರೆ ಬೋರ್ಡೇ ಎಲ್ಲೋ ಕರೆಂಟ್ ಹೀರುತ್ತಿರಬಹುದು. ಆಗ ರಿಪೇರಿಯವರ ಹತ್ತಿರ ಹೋಗಿ. ಅಲ್ಲೂ ಫಾರ್ಮ್ಯಾಟ್ ಅಂದರೆ ಸುಮ್ನೆ ಎದ್ದು ಬನ್ನಿ.