ಮೂರು ಮಕ್ಕಳು, ನಾಲ್ಕು ಸಿಲಬಸ್ಸು, ಒಬ್ಳೇ ಅಮ್ಮ

ನನ್ನ ಹತ್ರ ಕೌನ್ಸೆಲಿಂಗಿಗೆ ಬಂದ ಒಬ್ರು ತಾಯಿನ, ಈ ಕೇಸ್ ಬಗ್ಗೆ ಬರೀಬಹುದಾ ಅಂತ ಕೇಳಿ, ಅವ್ರು ಹೂಂ ಅಂದ್ಮೇಲೆ ಬರೀತಿದೀನಿ. ಹೆಸರು, ಬಡಾವಣೆ, ಅಪ್ಪನ ಕೆಲಸ ಎಲ್ಲಾ ಬದಲಾಯಿಸಿದೀನಿ. ಮಕ್ಕಳ ವಯಸ್ಸು ಮಾತ್ರ ಹಾಗೇ ಇದೆ, ಯಾಕಂದ್ರೆ ಇಡೀ ವಿಷಯ ನಿಂತಿರೋದೇ ಅದ್ರ ಮೇಲೆ. ದೊಡ್ಡೋಳಿಗೆ 13, ಮಧ್ಯದ ಹುಡುಗನಿಗೆ 9, ಚಿಕ್ಕೋಳಿಗೆ 5. ಊರು ಮೈಸೂರು. ಮನೇಲಿ ಅಪ್ಪ, ಅಮ್ಮ, ಅಪ್ಪನ ತಾಯಿ. ಲಾಕ್‌ಡೌನ್ ಟೈಮಲ್ಲಿ ಆನ್‌ಲೈನ್ ಕ್ಲಾಸ್ ನೋಡಿ ಬೇಸತ್ತು ಸ್ಕೂಲ್ ಬಿಡಿಸಿದೋರು, ಆಮೇಲೆ ವಾಪಸ್ ಸೇರಿಸ್ಲೇ ಇಲ್ಲ, ಮನೇಲೇ ಕಲಿಸ್ತಿದಾರೆ, ಹೋಮ್‌ಸ್ಕೂಲಿಂಗ್. ತಾಯಿನ ವೀಣಾ ಅಂತ ಕರೀತೀನಿ.

ವೀಣಾ ಬಂದಿದ್ದು ಪಠ್ಯಕ್ರಮದ ವಿಚಾರಕ್ಕೇನೂ ಅಲ್ಲ. ನಿದ್ದೆ ಬರಲ್ಲ, ಸಂಜೆ ಆದ್ರೆ ತಲೆನೋವು, ಮಕ್ಕಳ ಮೇಲೆ ಕಿರುಚಾಡ್ತೀನಿ ಆಮೇಲೆ ಬಾತ್‌ರೂಮಿಗೆ ಹೋಗಿ ಅಳ್ತೀನಿ ಅಂತ ಬಂದಿದ್ರು. ಮೊದ್ಲು ಡಾಕ್ಟರ್ ಹತ್ರ ಕಳಿಸಿ ಥೈರಾಯ್ಡು, ಹಿಮೋಗ್ಲೋಬಿನ್ ನೋಡ್ಸಿದ್ವಿ (ಹೆಂಗಸ್ರು ಸುಸ್ತು ಅಂದ ತಕ್ಷಣ ಅದು ಮನಸ್ಸಿಂದೇ ಅಂತ ತೀರ್ಮಾನ ಮಾಡೋದು ನನಗೆ ಇಷ್ಟ ಆಗಲ್ಲ). ರಿಪೋರ್ಟ್ ಪರವಾಗಿಲ್ಲ ಅಂತ ಬಂತು. ಆಮೇಲೆ ಒಂದಿನ ನಿಮ್ಮ ಮನೆ ಟೈಮ್‌ಟೇಬಲ್ ಇದ್ರೆ ತನ್ನಿ ಅಂದೆ. ಚಾರ್ಟ್ ಶೀಟೇ ಸುತ್ಕೊಂಡು ತಂದ್ರು. ಒಂದೊಂದು ಮಗೂಗೆ ಒಂದೊಂದು ಬಣ್ಣ, ನಲವತ್ತು ನಲವತ್ತು ನಿಮಿಷದ ಪೀರಿಯಡ್ಡು. ಹನ್ನೊಂದು ಗಂಟೆ ಸಾಲು ತೋರಿಸಿ ಕೇಳಿದೆ, ದೊಡ್ಡೋಳಿಗೆ ಹಿಸ್ಟರಿ ಚರ್ಚೆ, ಮಗನಿಗೆ ಗಣಿತ, ಚಿಕ್ಕೋಳಿಗೆ ಫೋನಿಕ್ಸು (ಇಂಗ್ಲಿಷ್ ಅಕ್ಷರದ ಸದ್ದು ಕಲಿಸೋದು), ಮೂರಕ್ಕೂ ನೀವೇ ಬೇಕಲ್ವಾ, ಹೇಗೆ ಮಾಡ್ತೀರ? ಅವ್ರು ಚಾರ್ಟನ್ನೇ ನೋಡ್ತಾ "ಅದೇ ಮೇಡಮ್, ಓಡಾಡ್ತೀನಿ" ಅಂದ್ರು.

ಯಾವ್ಯಾವ ಪುಸ್ತಕ ಅಂತ ಕೇಳಿದ್ರೆ ಪಟ್ಟಿ ಮುಗೀಲೇ ಇಲ್ಲ. ದೊಡ್ಡೋಳಿಗೆ ಅಮೆರಿಕದ ಕಡೆಯ ಕಥೆಪುಸ್ತಕ ಆಧಾರಿತ ಪ್ಯಾಕೇಜು, ಯಾರೋ ವಾಪಸ್ ಬಂದ ಎನ್ನಾರೈ ಫ್ಯಾಮಿಲಿಯಿಂದ ಸೆಕೆಂಡ್ ಹ್ಯಾಂಡು. ಅದ್ರ ಜೊತೆಗೆ ಆನ್‌ಲೈನ್ ಗಣಿತ ಕ್ಲಾಸು. ಮಗನಿಗೆ ಅದೇ ಪ್ಯಾಕೇಜಿನ ಕೆಳಗಿನ ಲೆವೆಲ್ಲು, ಮೇಲೆ ಎನ್‌ಸಿಇಆರ್‌ಟಿ, ಅದೂ ಹಳೇದೊಂದು ಸೆಟ್ಟು ಹೊಸದೊಂದು ಸೆಟ್ಟು, ಯಾಕಂದ್ರೆ 2023ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಬಂದ್ಮೇಲೆ ಒಂದೊಂದೇ ತರಗತಿಗೆ ಪುಸ್ತಕ ಬದಲಾಗ್ತಾ ಬಂದಿದೆ. ಚಿಕ್ಕೋಳಿಗೆ ಮಾಂಟೆಸ್ಸರಿ ಸಾಮಾನು (ಮಗು ತಾನೇ ಮುಟ್ಟಿ, ಮಾಡಿ ಕಲಿಯೋ ಪದ್ಧತಿ). ಕರ್ನಾಟಕ ಸರ್ಕಾರದ ಕನ್ನಡ ಪುಸ್ತಕಾನೂ ಇತ್ತು, ಆದ್ರೆ ಒಂದು ಪುಟಾನೂ ಮಡಚಿರ್ಲಿಲ್ಲ.

ಒಂದೊಂದೂ ಯಾವಾಗ ಕೊಂಡ್ರಿ ಅಂತ ಕೂತ್ಕೊಂಡು ಬರೆಸಿದೆ. ಅಲ್ಲಿ ಕೇಸು ತಾನಾಗೇ ಬಿಚ್ಕೊಂಡ್ತು. ಒಂದು ಮದುವೇಲಿ ಯಾರೋ ಚಿಕ್ಕಪ್ಪ ಮಗನ್ನ ನಿಲ್ಲಿಸಿ "ಎಲ್ಲಿ, ಹದಿನೇಳರ ಮಗ್ಗಿ ಹೇಳು ನೋಡೋಣ" ಅಂದಿದ್ರಂತೆ, ಹುಡುಗ ಬಾಯಿ ಬಿಡ್ಲಿಲ್ಲ, ಮಾರನೇ ದಿನವೇ ಹೊಸ ಗಣಿತದ ವರ್ಕ್‌ಬುಕ್ ಆರ್ಡರ್ರು. ಓರಗಿತ್ತಿ ಮಗಳು ಇಂಗ್ಲಿಷಲ್ಲಿ ಪಟಪಟ ಅಂತ ಓದಿದ್ಲು ಅಂತ ಫೋನಿಕ್ಸ್ ಕಿಟ್ಟು. ಗಂಡ ಒಂದ್ಸಲ "ಇವಳ ಎಸ್ಸೆಸ್ಸೆಲ್ಸಿ ಕಥೆ ಏನು" ಅಂತ ಗೊಣಗಿದ್ದಕ್ಕೆ ಆನ್‌ಲೈನ್ ಕ್ಲಾಸು. ಅಂದ್ರೆ ಇಷ್ಟರಲ್ಲಿ ಯಾವುದನ್ನೂ ಮಕ್ಕಳನ್ನ ನೋಡಿ ಕೊಂಡಿರ್ಲಿಲ್ಲ, ಭಯ ಆದಾಗ ಕೊಂಡಿದ್ದು. ಪಾರ್ಸೆಲ್ ಬರೋ ತನಕ ಒಂಚೂರು ಸಮಾಧಾನ, ಆಮೇಲೆ ಕಲಿಸೋ ಹೊರೆ ಇನ್ನೊಂದು. ಹೋಮ್‌ಸ್ಕೂಲಿಂಗ್ ಮಾಡೋ ಮನೆಗಳಲ್ಲಿ ಇದನ್ನ ನಾನು ತುಂಬಾ ನೋಡ್ತೀನಿ, ಹೊರಗೆ ಯಾರೂ ಮಾರ್ಕ್ಸ್ ಕೊಡಲ್ವಲ್ಲ, ಹಾಗಾಗಿ ಪುಸ್ತಕದ ಕಪಾಟೇ ಮಾರ್ಕ್ಸ್ ಕಾರ್ಡ್ ಆಗ್ಬಿಡುತ್ತೆ.

ದೊಡ್ಡ ಹುಡುಗಿ ಜೊತೆ ಒಬ್ಳನ್ನೇ ಕೂರಿಸ್ಕೊಂಡು ಮಾತಾಡಿದೆ. ಚುರುಕಾಗಿದಾಳೆ, ಮಾತು ಕಮ್ಮಿ. "ಅಮ್ಮ ತಮ್ಮನ ಹತ್ರ ಇದ್ದಾಗ ನಾನು ಪುಸ್ತಕ ತೆಗೆದಿಟ್ಕೊಂಡು ಸುಮ್ನೆ ಕೂತಿರ್ತೀನಿ ಆಂಟಿ, ಬರೋ ಸದ್ದಾದ್ರೆ ಪೆನ್ ಹಿಡೀತೀನಿ, ಹೇಗೂ ಸ್ವಲ್ಪ ದಿನಕ್ಕೆ ಪುಸ್ತಕ ಚೇಂಜ್ ಆಗುತ್ತಲ್ಲ" ಅಂದ್ಲು. ಕೋಪದಲ್ಲೇನೂ ಹೇಳ್ಲಿಲ್ಲ. ತನ್ನ ಹಳೇ ಫ್ರೆಂಡ್ಸ್ ಎಲ್ಲಾ ಹತ್ತನೇ ಕ್ಲಾಸಿನ ಬಗ್ಗೆ ಮಾತಾಡ್ತಾರೆ, ನಾನು ಯಾವ ಪರೀಕ್ಷೆ ಬರೀತೀನಿ ಅಂತ ನಂಗೇ ಗೊತ್ತಿಲ್ಲ ಅಂತಾನೂ ಹೇಳಿದ್ಲು. ನನ್ನ ಪ್ರಕಾರ ಮನೇಲಿ ತುರ್ತಾಗಿ ಉತ್ತರ ಬೇಕಾಗಿದ್ದಿದ್ದು ಇದೊಂದೇ ಪ್ರಶ್ನೆಗೆ, ಅದನ್ನ ಯಾರೂ ಅವಳ ಮುಂದೆ ಎತ್ತಿರ್ಲಿಲ್ಲ.

ಮೊದಲನೇ ಸಲಹೆ, ಮೂರು ತಿಂಗಳು ಏನೂ ಕೊಳ್ಳೋ ಹಾಗಿಲ್ಲ. ಫ್ರೀ ಪಿಡಿಎಫ್ ಕೂಡ ಡೌನ್‌ಲೋಡ್ ಮಾಡೋ ಹಾಗಿಲ್ಲ. ಕೊಳ್ಳಬೇಕು ಅನ್ಸಿದಾಗ ಒಂದು ನೋಟ್‌ಬುಕ್‌ನಲ್ಲಿ ತಾರೀಕು ಹಾಕಿ, ಈಗ ಯಾರು ಏನಂದ್ರು, ನನಗೆ ಏನನ್ನಿಸ್ತು ಅಂತ ಎರಡು ಸಾಲು ಬರೀರಿ ಅಂದೆ. ವೀಣಾಗೆ ಇದೇ ಎಲ್ಲಕ್ಕಿಂತ ಕಷ್ಟ ಆಗಿದ್ದು.

ಎರಡನೇದು ವಿಷಯಗಳನ್ನ ಬೇರೆ ಮಾಡೋದು. ಗಣಿತ, ಓದು, ಬರಹ ಇವು ಮೆಟ್ಟಿಲು ಮೆಟ್ಟಿಲಾಗಿ ಹೋಗೋವು, ಕೆಳಗಿನದು ಬರ್ದೆ ಮೇಲಿನದು ಬರಲ್ಲ, ಇವು ಪ್ರತಿ ಮಗೂಗೂ ಬೇರೆ ಬೇರೆ ಇರ್ಲೇಬೇಕು. ವಿಜ್ಞಾನ, ಸಮಾಜ, ಕಥೆ ಕೇಳೋದು, ಹಾಡು, ಚಿತ್ರ ಇವಕ್ಕೆ ಅಂಥ ಮೆಟ್ಟಿಲಿಲ್ಲ, ಮೂವರನ್ನೂ ಒಟ್ಟಿಗೆ ಕೂರಿಸಬಹುದು, ಕೊನೇಲಿ ಅವರವರು ಮಾಡೋ ಕೆಲಸ ಅಷ್ಟೇ ಬೇರೆ. ಮೂರು ಕಂಪನಿಯ ಮೂರು ಲೆವೆಲ್ ಸೈನ್ಸ್ ಬೇಕಾಗಿಲ್ಲ. ವೀಣಾಗೆ ಇದು ನಂಬಿಕೆ ಬರ್ಲಿಲ್ಲ, 13ರೋಳಿಗೂ 5ರೋಳಿಗೂ ಒಂದೇ ಪಾಠನಾ ಅಂದ್ರು. ಅದಕ್ಕೆ ಅವ್ರ ಊರಿಂದೇ ಒಂದು ವಿಷಯ ತಗೊಂಡು ಮಾಡಿ ತೋರಿಸ್ದೆ, ಕೆಆರ್‌ಎಸ್ ಅಣೆಕಟ್ಟು.

ಮಳೆಗಾಲ ಬಂದ್ರೆ ಪೇಪರ್‌ನಲ್ಲಿ ದಿನಾ ಬರುತ್ತಲ್ಲ, ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು ಅಂತ. ಮಗ ದಿನಾ ಆ ಸಂಖ್ಯೆ ನೋಡಿ, ತುಂಬೋಕೆ ಇನ್ನೆಷ್ಟು ಅಡಿ ಬೇಕು ಅಂತ ಕಳೆಯೋದು, ದಶಮಾಂಶ ಅಲ್ಲೇ ಬಂತು. ದೊಡ್ಡೋಳು ಅದನ್ನೇ ಗ್ರಾಫ್ ಮಾಡೋದು, ಒಂದು ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ, ಹಾಗಾದ್ರೆ ಎಷ್ಟು ಕ್ಯೂಸೆಕ್ (ಸೆಕೆಂಡಿಗೆ ಒಂದು ಘನ ಅಡಿ) ನೀರು ಒಂದು ದಿನ ಪೂರ್ತಿ ಹರಿದ್ರೆ ಒಂದು ಟಿಎಂಸಿ ಆಗುತ್ತೆ ಅಂತ ತಾನೇ ಲೆಕ್ಕ ಹಾಕೋದು (ಸುಮಾರು 11,574 ಬರುತ್ತೆ, 86,400 ಸೆಕೆಂಡಿಂದ ಭಾಗಿಸಿದ್ರೆ). ಆಮೇಲೆ ಕಾವೇರಿ ಜಗಳ ಯಾಕೆ, 1924ರ ಒಪ್ಪಂದ ಏನು ಅಂತ ಓದಿ ಅಪ್ಪನಿಗೆ ವಿವರಿಸೋದು, ಅದು ಹಿಸ್ಟರಿನೂ ಆಯ್ತು ಸಿವಿಕ್ಸೂ ಆಯ್ತು. ಚಿಕ್ಕೋಳು ಹಿತ್ತಲಲ್ಲಿ ಬಕೆಟ್ಟು ಲೋಟ ಇಟ್ಕೊಂಡು ಅಳೆಯೋದು, ಯಾವುದು ಮುಳುಗುತ್ತೆ ಯಾವುದು ತೇಲುತ್ತೆ ನೋಡೋದು. ನಮ್ಮನೆ ನಲ್ಲಿ ನೀರು ಎಲ್ಲಿಂದ ಬರುತ್ತೆ ಅಂತ ಮೂವರೂ ಒಟ್ಟಿಗೆ ಹುಡುಕೋದು. ಕಥೆಗೆ ಸ್ಟೋರಿವೀವರ್ ವೆಬ್‌ಸೈಟಲ್ಲಿ ಕನ್ನಡದ ಪುಸ್ತಕ ಲೆವೆಲ್ ಪ್ರಕಾರ ಫ್ರೀಯಾಗಿ ಸಿಗುತ್ತೆ. ಅಮೆರಿಕದ ಪ್ಯಾಕೇಜ್‌ನ ಬಿಸಾಕ್ಬೇಡಿ, ಅದ್ರಲ್ಲಿರೋ ಒಳ್ಳೆ ಕಥೆಪುಸ್ತಕ ಓದಿಗೆ ಇಟ್ಕೊಳ್ಳಿ, ಅದ್ರ ವಾರದ ಶೆಡ್ಯೂಲ್ ಹಾಳೆನ ಮಾತ್ರ ಕಣ್ಣಿಗೆ ಕಾಣದ ಕಡೆ ಇಡಿ ಅಂದೆ.

ಗಣಿತಕ್ಕೆ ಒಂದೇ ಸರಣಿ, ಅಷ್ಟೇ. ಮಗನ ವರ್ಕ್‌ಬುಕ್ ನೋಡ್ದಾಗ ಪುಟದ ತುಂಬಾ ಡೈಮು, ನಿಕ್ಕಲ್ಲು, ಕ್ವಾರ್ಟರ್ರು. ಪೆನ್ಸಿಲಲ್ಲಿ ಪಕ್ಕದಲ್ಲಿ ಹುಡುಗ "ಡೈಮ್ = 1 ರೂ?" ಅಂತ ಬರ್ಕೊಂಡಿದ್ದ, ಅದ್ರ ಕೆಳಗಿನ ಎಲ್ಲಾ ಲೆಕ್ಕ ಅದೇ ಲೆಕ್ಕದಲ್ಲಿ ತಪ್ಪು. ಅವನಿಗೆ ಕೂಡೋದು ಬರುತ್ತೆ, ಗೊತ್ತಿಲ್ದೇ ಇದ್ದಿದ್ದು ಅಮೆರಿಕದ ಚಿಲ್ಲರೆ. ಸಿಂಗಾಪುರ ಪದ್ಧತಿಯ ಬಾರ್ ಮಾಡೆಲ್ (ಲೆಕ್ಕನ ಪಟ್ಟಿ ಚಿತ್ರ ಬರೆದು ಬಿಡಿಸೋದು) ಚೆನ್ನಾಗಿದೆ, ಬೇಕಿದ್ರೆ ಅದನ್ನ ತಗೊಳ್ಳಿ, ಇಲ್ಲಾ ಎನ್‌ಸಿಇಆರ್‌ಟಿ ತಗೊಳ್ಳಿ, ಎರಡೂ ಬೇಡ, ಯಾಕಂದ್ರೆ ಪಾಠದ ಕ್ರಮ ಬೇರೆ ಇರೋದ್ರಿಂದ ಒಂದ್ರಲ್ಲಿ ಮುಗ್ದಿದ್ದು ಇನ್ನೊಂದ್ರಲ್ಲಿ ಶುರುನೇ ಆಗಿರಲ್ಲ. ಎಲ್ಲಿಂದ ಶುರು ಮಾಡ್ಬೇಕು ಅನ್ನೋದಕ್ಕೆ ವಯಸ್ಸು ನೋಡ್ಬೇಡಿ, ಹಿಂದಿನ ತರಗತಿ ಪುಸ್ತಕದ ಕೊನೇ ಅಭ್ಯಾಸ ಕೊಟ್ಟು ನೋಡಿ, ಸಲೀಸಾಗಿ ಬರೋ ಜಾಗದಿಂದ ಶುರು ಮಾಡಿ ಅಂತ ಹೇಳ್ದೆ.

ಇನ್ನು ಓಡಾಟದ ವಿಷ್ಯ. ಇದಕ್ಕೆ ವಿದೇಶದ ಬ್ಲಾಗ್ ಓದೋದು ಬೇಡ, ನಮ್ಮ ಸರ್ಕಾರಿ ಶಾಲೇಲೇ ಇದೆ. ನಲಿ-ಕಲಿ ಶುರು ಆಗಿದ್ದೇ 1995ರಲ್ಲಿ ಇದೇ ಮೈಸೂರು ಜಿಲ್ಲೆ ಹೆಗ್ಗಡದೇವನಕೋಟೇಲಿ, ರಿಷಿ ವ್ಯಾಲಿ ಶಾಲೆಯ ಕೆಲಸ ನೋಡಿ ಬಂದ ಮೇಷ್ಟ್ರುಗಳು ಮಾಡಿದ್ದು. ಒಂದ್ರಿಂದ ಮೂರನೇ ತರಗತಿ ಮಕ್ಕಳು ಒಂದೇ ಕೋಣೇಲಿ, ಒಬ್ರೇ ಟೀಚರ್ರು. ಮಕ್ಕಳನ್ನ ತಟ್ಟೆ ಅಂತ ಗುಂಪು ಮಾಡ್ತಾರೆ, ಒಂದು ತಟ್ಟೆಗೆ ಟೀಚರ್ ಪೂರ್ತಿ ಜೊತೇಲಿರ್ತಾರೆ, ಒಂದಕ್ಕೆ ಅರ್ಧ ಸಹಾಯ, ಇನ್ನು ಕೆಲವು ಗೆಳೆಯರ ಸಹಾಯದಲ್ಲಿ, ಒಂದು ತಟ್ಟೆ ಪೂರ್ತಿ ತಾವೇ. ಮಗು ಒಂದು ಕಾರ್ಡ್ ಮುಗಿಸಿದ್ರೆ ತಟ್ಟೆ ಬದಲಾಯಿಸುತ್ತೆ. ವೀಣಾಗೆ ಹೇಳಿದ್ದು ಇಷ್ಟೇ: ಹೊಸ ಪಾಠ ಒಂದ್ಸಲಕ್ಕೆ ಒಬ್ರಿಗೆ ಮಾತ್ರ, ಆ ಹೊತ್ತಲ್ಲಿ ಇನ್ನೊಬ್ರು ಈಗಾಗ್ಲೇ ಗೊತ್ತಿರೋದನ್ನ ಅಭ್ಯಾಸ ಮಾಡ್ತಿರ್ಬೇಕು, ಮೂರನೆಯೋರು ಆಟ ಆಡ್ತಿರ್ಲಿ ಇಲ್ಲಾ ಅಕ್ಕನ ಹತ್ರ ಕಥೆ ಕೇಳ್ತಿರ್ಲಿ. ಚಾರ್ಟಲ್ಲಿ ಒಂದು ಸಾಲಲ್ಲಿ ಅಮ್ಮ ಒಂದೇ ಕಡೆ ಇರ್ಬೇಕು. ಅಕ್ಕನಿಗೆ ಕಥೆ ಹೇಳೋದು ವಾರಕ್ಕೆ ಎರಡು ದಿನ ಮಾತ್ರ, ಅವಳನ್ನ ಉಚಿತ ಟೀಚರ್ ಮಾಡ್ಕೋಬೇಡಿ ಅಂತಾನೂ ಹೇಳ್ದೆ, ದೊಡ್ಡ ಹೆಣ್ಮಕ್ಕಳಿಗೆ ಈ ಕೆಲಸ ಬೀಳೋದು ಬಲು ಬೇಗ.

ಕನ್ನಡ ಅಜ್ಜಿಗೆ. ಅತ್ತೆಗೆ ಮೊದಲಿಂದ ಈ ಸ್ಕೂಲ್ ಬಿಡ್ಸಿದ್ದು ಸರಿ ಬಂದಿರ್ಲಿಲ್ಲ. ಅವ್ರು ಒಪ್ಪಿದ್ರು, ಆದ್ರೆ ಕಲಿಸೋದು ಅವ್ರ ದಾರೀಲೇ, ಸ್ಲೇಟಲ್ಲಿ ಕಾಗುಣಿತ ತಿದ್ದಿಸಿ ತಿದ್ದಿಸಿ. ಮಾಂಟೆಸ್ಸರಿ ಓದ್ಕೊಂಡಿರೋ ವೀಣಾಗೆ ಮೈಯೆಲ್ಲಾ ಉರೀತು. ನಾನು ಅಜ್ಜಿ ಪರ. ದಿನಕ್ಕೆ ಅರ್ಧ ಗಂಟೆ ಕಾಗುಣಿತ ತಿದ್ದಿದ್ರೆ ಮಗು ಏನೂ ಹಾಳಾಗಲ್ಲ, ಆ ಅರ್ಧ ಗಂಟೆ ನಿಮಗೆ ಬಿಡುವು ಅಂತ ತಿಳ್ಕೊಳ್ಳಿ ಅಂದೆ.

ದೊಡ್ಡೋಳಿಗೆ ಎನ್‌ಐಒಎಸ್ (ಸ್ಕೂಲಿಗೆ ಹೋಗದೇನೇ ಪರೀಕ್ಷೆ ಬರೆಯೋಕೆ ಇರೋ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ದಾರಿ ಹೇಳ್ದೆ, ಅಪ್ಪನನ್ನೂ ಕರೆಸಿ. ಹತ್ತನೇ ತರಗತಿ ಮಟ್ಟಕ್ಕೆ ಸೇರೋಕೆ 14 ತುಂಬಿರ್ಬೇಕು, ಅಂದ್ರೆ ಒಂದು ವರ್ಷ ಟೈಮಿದೆ. ಕನಿಷ್ಠ ಐದು ವಿಷಯ, ಅದ್ರಲ್ಲಿ ಒಂದು ಭಾಷೆ ಇರ್ಬೇಕು, ಕನ್ನಡನೂ ತಗೋಬಹುದು. ಎಲ್ಲಾ ಒಟ್ಟಿಗೆ ಬರೀಬೇಕು ಅಂತಿಲ್ಲ, ಐದು ವರ್ಷದೊಳಗೆ ಒಂದೊಂದಾಗೂ ಮುಗಿಸಬಹುದು. ಅಸೈನ್‌ಮೆಂಟಿಗೂ ಮಾರ್ಕ್ಸಿದೆ. ಒಂದು ಎಚ್ಚರಿಕೆ ಮಾತ್ರ ಜೋರಾಗೇ ಹೇಳ್ದೆ: ಅಲ್ಲಿ ಗಣಿತ, ವಿಜ್ಞಾನ ಕಡ್ಡಾಯ ಇಲ್ಲ, ಸುಲಭ ಅಂತ ಬಿಟ್ರೆ ಮುಂದೆ ಪಿಯುಸಿ ಸೈನ್ಸ್ ಸೇರೋವಾಗ ತೊಂದರೆ, ಅದಕ್ಕೆ ಮನಸ್ಸಲ್ಲಿರೋ ಕಾಲೇಜಿಗೆ ಈಗ್ಲೇ ಹೋಗಿ ಕೇಳ್ಕೊಂಡು ಬನ್ನಿ. ಈ ವರ್ಷದಿಂದ ಅವಳ ಗಣಿತ, ಸೈನ್ಸು ಎನ್‌ಐಒಎಸ್ ಮೆಟೀರಿಯಲ್ ಕಡೆ ತಿರುಗ್ಲಿ, ಉಳಿದ ವಿಷಯ ತಮ್ಮ ತಂಗಿ ಜೊತೆ ಹಾಗೇ ನಡೀಲಿ. ಚಿಕ್ಕೋರಿಬ್ರಿಗೆ ಪರೀಕ್ಷೆ ಚಿಂತೆ ಈಗ ಯಾಕೆ? ಮತ್ತೆ ಸ್ಕೂಲಿಗೆ ಸೇರಿಸ್ಬೇಕು ಅನ್ಸಿದ್ರೆ, ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 6ರಿಂದ 14ರ ಮಗೂನ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸ್ಕೊಳ್ಳೋ ಅವಕಾಶ ಇದೆ. ಮಕ್ಕಳು ಮಾಡಿದ ಕೆಲಸದ್ದು ತಿಂಗಳಿಗೆ ನಾಲ್ಕು ಹಾಳೆ, ತಾರೀಕು ಹಾಕಿ ಫೈಲ್ ಮಾಡಿಡಿ, ಕೇಳಿದೋರಿಗೆ ತೋರಿಸೋಕೂ ಆಗುತ್ತೆ.

ಪುಸ್ತಕ ಬದಲಾಯಿಸೋದು ನಿಂತ್ಮೇಲೆ ಇನ್ನೊಂದು ವಿಷಯ ಹೊರಗೆ ಬಂತು. ಮಗ ಇಂಗ್ಲಿಷಲ್ಲೂ ಕನ್ನಡದಲ್ಲೂ ಓದೋದ್ರಲ್ಲಿ ತುಂಬಾ ಹಿಂದೆ. ಒಂದು ಪದ ಮೇಲಿನ ಸಾಲಲ್ಲಿ ಓದಿರ್ತಾನೆ, ಕೆಳಗಿನ ಸಾಲಲ್ಲಿ ಅದೇ ಪದಕ್ಕೆ ಮತ್ತೆ ಅಕ್ಷರ ಅಕ್ಷರ ಜೋಡಿಸ್ತಾನೆ. ಇಷ್ಟು ದಿನ ಹೊಸ ಪುಸ್ತಕ, ಇನ್ನೂ ಅಭ್ಯಾಸ ಆಗಿಲ್ಲ ಅಂತ ಎಲ್ರೂ ಅಂದ್ಕೊಂಡಿದ್ರು. ಪಠ್ಯಕ್ರಮ ಪದೇ ಪದೇ ಬದಲಾಯಿಸೋದ್ರಲ್ಲಿ ನನಗೆ ದುಡ್ಡಿಗಿಂತ ದೊಡ್ಡ ನಷ್ಟ ಕಾಣೋದು ಇಲ್ಲೇ, ತೊಂದರೆ ಪುಸ್ತಕದ್ದಾ ಮಗುವಿಂದಾ ಅಂತ ಗೊತ್ತೇ ಆಗಲ್ಲ. ಮೈಸೂರಲ್ಲೇ ವಾಕ್ ಶ್ರವಣ ಸಂಸ್ಥೆ ಇದೆ, ಅಲ್ಲಿ ಕಲಿಕಾ ತೊಂದರೆಗೆ ಪರೀಕ್ಷೆ ಮಾಡ್ತಾರೆ, ಕರ್ಕೊಂಡು ಹೋಗಿ ಅಂತ ಹೇಳ್ದೆ. ವೀಣಾ ಅವತ್ತು ತುಂಬಾ ಅತ್ರು, ನಾನೇ ಸ್ಕೂಲ್ ಬಿಡಿಸಿ ಹಿಂಗೆ ಮಾಡ್ದೆ ಅಂತ. ಅಂಥ ತೊಂದರೆ ಇದ್ರೆ ಅದು ಸ್ಕೂಲಿಗೆ ಹೋದ್ರೂ ಇರುತ್ತೆ, ಬಿಡಿಸಿದ್ರಿಂದ ಬರಲ್ಲ ಅಂತ ಅಷ್ಟು ಹೊತ್ತೂ ಹೇಳ್ಬೇಕಾಯ್ತು. ಹೋಗಿ ಬಂದ್ರು. ರಿಪೋರ್ಟಲ್ಲಿ ಏನಿತ್ತು ಅಂತ ಇಲ್ಲಿ ಬರೆಯಲ್ಲ, ಅದು ಆ ಹುಡುಗನಿಗೆ ಸೇರಿದ್ದು.

ಈಗ ತಲೆನೋವು ಕಮ್ಮಿ, ನಿದ್ದೆ ಪರವಾಗಿಲ್ಲ. ಮೂರು ತಿಂಗಳಲ್ಲಿ ಒಂದ್ಸಲ ತಡ್ಕೊಳ್ಳೋಕಾಗದೆ ವಿಜ್ಞಾನದ ಕಿಟ್ ಒಂದು ತರಿಸ್ಬಿಟ್ರು, ನೋಟ್‌ಬುಕ್‌ನಲ್ಲಿ ಬರೆದೂ ಇದ್ರು, ಮತ್ತೆ ಅದೇ ಚಿಕ್ಕಪ್ಪ ಬಂದಿದ್ರಂತೆ. ದೊಡ್ಡೋಳು ಐದನೇ ವಿಷಯ ಚಿತ್ರಕಲೆ ಅಂತಾಳೆ, ಅಪ್ಪ ಡೇಟಾ ಎಂಟ್ರಿ ಅಂತಾರೆ, ನಾನು ಮಧ್ಯೆ ಬರ್ಲಿಲ್ಲ. ಅಪ್ಪನಿಗೆ ನಾನು ಕೊಟ್ಟಿದ್ದು ಶನಿವಾರ ಬೆಳಗ್ಗೆ ಮಗನ ಗಣಿತ ಪೂರ್ತಿ ನಿಮ್ಮದು ಅನ್ನೋ ಒಂದೇ ಕೆಲಸ, ಅದು ಇನ್ನೂ ಶುರು ಆಗಿಲ್ಲ, ಆಫೀಸ್ ಕಾಲ್ ಇತ್ತು ಅಂತ ಕಾರಣ ಬರ್ತಾನೇ ಇದೆ, ಹಾಗಾಗಿ ಮುಂದಿನ ಸೆಷನ್‌ಗೆ ಅವ್ರೊಬ್ರನ್ನೇ ಬರೋಕೆ ಹೇಳಿದೀನಿ.