ತರಬೇತಿ ಹಾರಾಟದಲ್ಲಿ ತೀರಿಕೊಂಡ ನೌಕಾಪಡೆ ಪೈಲಟ್ ಗೆಳೆಯನಿಗೆ ವರ್ಷ ತುಂಬುತ್ತಿದೆ. ‘ಹುತಾತ್ಮ’ ಅಂತ ಹಾಕಿ ಕಾರ್ಯಕ್ರಮ ಮಾಡಬಹುದಾ? ಮನೆಯವರನ್ನು ಮುಂಚೆ ಕೇಳಿದರೆ ನೋವು ಕೆದಕಿದಂತಾಗುತ್ತಾ?

ಕೇಳದೆ ಮಾಡಬೇಡಿ. ನಾನು ಹಾಗೇ ಮಾಡಿದ್ದೆ.

ನನ್ನ ಗೆಳೆಯ ಹನುಮಂತನಗರದವನು. ತಮಿಳುನಾಡಿನ ಅರಕ್ಕೋಣಂನಲ್ಲಿರೋ ನೌಕಾಪಡೆಯ ವಿಮಾನನೆಲೆ ಐಎನ್‌ಎಸ್ ರಾಜಾಲಿಯಲ್ಲಿ ಹೆಲಿಕಾಪ್ಟರ್ ಹಾರಿಸೋದು ಕಲಿತ. ಒಂದು ದಿನ ಸಮುದ್ರದ ಮೇಲೆ ಅಭ್ಯಾಸಕ್ಕೆ ಹೋದವನು ವಾಪಸ್ ಬರಲಿಲ್ಲ. ಇಪ್ಪತ್ತಾರು ವರ್ಷ.

ವರ್ಷದ ಹೊತ್ತಿಗೆ ಶಾಲೆಯ ಗೆಳೆಯರೆಲ್ಲ ಸೇರಿ ಸಭೆ ಇಟ್ಟೆವು. ಆಗಿನ್ನೂ ಬೆಂಗಳೂರಲ್ಲಿ ಫ್ಲೆಕ್ಸ್ ನಿಷೇಧ ಆಗಿರಲಿಲ್ಲ. ಫ್ಲೆಕ್ಸ್ ಮಾಡಿಸೋ ಕೆಲಸ ನನ್ನದು. ನನ್ನ ಹತ್ತಿರ ಇದ್ದದ್ದು ಅವನ ಕಾಲೇಜಿನ ಪಾಸ್‌ಪೋರ್ಟ್ ಸೈಜ್ ಫೋಟೋ ಒಂದೇ. ಅವನ ಮನೆ ನಮ್ಮ ಮನೆಯಿಂದ ಐದು ನಿಮಿಷದ ದಾರಿ. ಹೋಗಿ ಒಂದು ಒಳ್ಳೆ ಫೋಟೋ ಕೇಳಬಹುದಿತ್ತು. ಹೋಗಲಿಲ್ಲ. ಅವರ ನೋವು ಕೆದಕೋದು ಬೇಡ ಅಂತ ನೀವು ಈಗ ಹೇಳುತ್ತಿರೋದನ್ನೇ ಹೇಳಿಕೊಂಡೆ. ಸುಳ್ಳು. ಆಂಟಿ ಎದುರು ನಿಲ್ಲೋಕೆ ನನಗೇ ಹೆದರಿಕೆ.

ಅಂಗಡಿ ಹುಡುಗ ಆ ಫೋಟೋದಿಂದ ಮುಖ ಕತ್ತರಿಸಿ, ಹಸಿರು ಬಣ್ಣದ ಸೇನೆ ಬಟ್ಟೆ ಮೇಲೆ ಕೂರಿಸಿದ. ಹಿಂದೆ ಹಿಮದ ಬೆಟ್ಟ, ಎರಡು ಯುದ್ಧವಿಮಾನ. ‘ಇವನು ನೇವಿ ಕಣಪ್ಪಾ, ಹೆಲಿಕಾಪ್ಟರ್’ ಅಂದೆ. ‘ಮಿಲಿಟರಿ ಅಂದ್ರೆ ಇದೇ ಡಿಸೈನ್ ಸರ್’ ಅಂದ. ಟೈಮ್ ಇರಲಿಲ್ಲ, ಸರಿ ಅಂದುಬಿಟ್ಟೆ. ಅಲ್ಲೇ ನಾನು ಕೆಟ್ಟಿದ್ದು. ಸಭೆಗೆ ಬಂದ ಭಾಷಣಕಾರರು ಆ ಫ್ಲೆಕ್ಸ್ ನೋಡಿಕೊಂಡೇ ‘ಗಡಿಯಲ್ಲಿ ಶತ್ರುವಿನ ಗುಂಡಿಗೆ ಎದೆಯೊಡ್ಡಿದ’ ಅಂತ ಶುರು ಹಚ್ಚಿಕೊಂಡರು. ಪಾಪ, ಅವರಿಗೆ ಗೊತ್ತಿದ್ದದ್ದೇ ಅಷ್ಟು. ಅಂಕಲ್ ಎದ್ದು ಫ್ಲೆಕ್ಸ್ ಹತ್ತಿರ ಹೋದರು. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ‘ಇದು ಯಾರ ಮಗನಪ್ಪಾ?’ ಅಂತ ನನ್ನನ್ನೇ ಕೇಳಿದರು. ಆಂಟಿಯನ್ನು ಕರೆದುಕೊಂಡು ಹೊರಟುಹೋದರು. ಮೂರು ವರ್ಷ ಆ ಮನೆ ಇದ್ದ ರಸ್ತೆಯಲ್ಲಿ ನಾನು ಗಾಡಿ ಓಡಿಸಲಿಲ್ಲ.

ಆ ‘ಹುತಾತ್ಮ’ ಪದದ ಹಿಂದೆ ಯಾಕೆ ಬೀಳ್ತೀರಿ? ಸೇನೆಯ ಕಾಗದಪತ್ರದಲ್ಲಿ ಅಂಥ ವರ್ಗವೇ ಇಲ್ಲ. ಕಾಳಗದಲ್ಲಿ ಸತ್ತವರ ಲೆಕ್ಕ ಬೇರೆ, ಕರ್ತವ್ಯದ ಮೇಲಿದ್ದಾಗ ಅಪಘಾತದಲ್ಲಿ ಹೋದವರ ಲೆಕ್ಕ ಬೇರೆ. 2015ರ ಮಾರ್ಚ್ 24ರ ರಾತ್ರಿ ಗೋವಾ ಹತ್ತಿರ ನೌಕಾಪಡೆಯ ಡಾರ್ನಿಯರ್ ವಿಮಾನ ಸಮುದ್ರಕ್ಕೆ ಬಿತ್ತು. ಲೆಫ್ಟಿನೆಂಟ್ ಅಭಿನವ್ ನಾಗೋರಿ, ಲೆಫ್ಟಿನೆಂಟ್ ಕಿರಣ್ ಶೇಖಾವತ್ ತೀರಿಕೊಂಡರು. ಅದೂ ತರಬೇತಿ ಹಾರಾಟವೇ. ರಾತ್ರಿ ಕಪ್ಪು ನೀರಿನ ಮೇಲೆ ಹಾರೋದು ಸುಮ್ನೆ ಮಾತಾ? ಅದಕ್ಕೆ ಇಲ್ಲದ ಯುದ್ಧ ಯಾಕೆ ಸೇರಿಸಬೇಕು?

ಬೆಂಗಳೂರಿನ ಕಸ್ತೂರಬಾ ರಸ್ತೆಯ ಮ್ಯೂಸಿಯಂನಲ್ಲಿ ಆತಕೂರಿನ ಕಲ್ಲು ಇದೆ, ಹತ್ತನೇ ಶತಮಾನದ್ದು. ಕಾಳಿ ಅನ್ನೋ ಬೇಟೆನಾಯಿ ಕಾಡುಹಂದಿಯ ಜೊತೆ ಕಾದಾಡಿ ಸತ್ತಿತು, ಅದಕ್ಕೆ ನಿಲ್ಲಿಸಿದ ಕಲ್ಲು. (ನಾಯಿಗೆ ಹೋಲಿಸ್ತಿದ್ದಾನೆ ಅಂತ ಬೈಬೇಡಿ.) ಅದೇ ಕಲ್ಲಲ್ಲಿ ರಾಷ್ಟ್ರಕೂಟರು ಚೋಳರನ್ನು ಸೋಲಿಸಿದ ತಕ್ಕೋಲಂ ಯುದ್ಧದ ಮಾತೂ ಇದೆ. ತಕ್ಕೋಲಂ ಇರೋದು ನನ್ನ ಗೆಳೆಯ ಹಾರೋಕೆ ಕಲಿತ ಅರಕ್ಕೋಣಂ ಪಕ್ಕದಲ್ಲೇ. ಅಷ್ಟು ದೊಡ್ಡ ಯುದ್ಧ ಕೈಯಲ್ಲಿದ್ದರೂ ಕಾಳಿ ಅಲ್ಲಿ ಸತ್ತಿತು ಅಂತ ಬರೆಯಲಿಲ್ಲ. ಹಂದಿ ಅಂತಲೇ ಬರೆದರು.

ಕೊನೆಗೂ ಅವನ ಮನೆಗೆ ಹೋದೆ. ಅಂಕಲ್ ಬೈಯಲಿಲ್ಲ. ಆಂಟಿ ಕಾಫಿ ಕೊಟ್ಟು ಅವನ ಲಾಗ್‌ಬುಕ್ ತಂದರು. ಯಾವತ್ತು, ಯಾವ ಹೆಲಿಕಾಪ್ಟರ್, ಎಷ್ಟು ಹೊತ್ತು, ಎಲ್ಲ ಅವನದೇ ಕೈಬರಹ. ಶಾಲೆಯಲ್ಲಿದ್ದ ಹಾಗೇ 7ಕ್ಕೆ ನಡುವೆ ಅಡ್ಡಗೆರೆ. ಕೊನೆಯ ಹಾರಾಟ ಅವನ ಅಕ್ಷರದಲ್ಲಿ ಇಲ್ಲ. ಇಳಿದ ಮೇಲೆ ತಾನೇ ಬರೆಯೋದು.

ನೀವು ಈ ಭಾನುವಾರವೇ ಹೋಗಿ. ಏನು ಮಾತಾಡೋದು ಅಂತ ತೋಚದಿದ್ದರೆ ಒಂದು ಫೋಟೋ ಬೇಕಿತ್ತು ಅನ್ನಿ. ಯಾವುದು ಅಂತ ಅವರೇ ಆರಿಸಲಿ.